ವಾಟರ್ ಪಂಪ್ ಕೆಟ್ಟ ಮೇಲೆ ಕಾರನ್ನು ಗ್ಯಾರೇಜ್‌ವರೆಗೆ ಓಡಿಸಬಹುದಾ?

ಬೇಡ. ಗ್ಯಾರೇಜ್ ಹತ್ತಿರದಲ್ಲೇ ಇದ್ದರೂ ಟೋ ಮಾಡಿಸಿ. ಪಂಪ್ ಬದಲಾಯಿಸುವ ಖರ್ಚು ಒಂದು ಮಟ್ಟದ್ದು, ಇಂಜಿನ್ ಬಿಚ್ಚಿಸುವ ಖರ್ಚೇ ಬೇರೆ.

ಸಿಲಿಂಡರ್ ಒಳಗೆ ಪೆಟ್ರೋಲ್ ಉರಿಯುವಾಗ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆದರೂ ಇಂಜಿನ್ ಉಳಿಯುತ್ತೆ ಅಂದ್ರೆ, ಕೂಲಂಟ್ ಅನ್ನೋ ತಂಪುಮಾಡುವ ದ್ರವ ಸುತ್ತಲೂ ಹರಿದು ಆ ಬಿಸಿಯನ್ನು ರೇಡಿಯೇಟರ್‌ಗೆ ಹೊತ್ತುಕೊಂಡು ಹೋಗಿ 90 ಡಿಗ್ರಿ ಆಸುಪಾಸಿನಲ್ಲೇ ತಾನು ಇರುವುದರಿಂದ. ಅದನ್ನು ಹರಿಸುವುದೇ ವಾಟರ್ ಪಂಪ್; ಅದು ನಿಂತರೆ ಕೂಲಂಟ್ ಇದ್ದಲ್ಲೇ ಕುದಿಯುತ್ತದೆ. ಸಿಲಿಂಡರ್‌ಗಳನ್ನು ಮೇಲಿಂದ ಮುಚ್ಚುವ ಸಿಲಿಂಡರ್ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಂನದು, ಅತಿಯಾಗಿ ಕಾದರೆ ಸೊಟ್ಟಗಾಗುತ್ತದೆ. ಆಗ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ತೆಳು ಗ್ಯಾಸ್ಕೆಟ್ ಹೋಗಿ ಕೂಲಂಟ್ ಆಯಿಲ್‌ಗೆ ಸೇರಬಹುದು. ಆಯಿಲ್ ಕ್ಯಾಪ್ ಒಳಗೆ ಕಾಫಿ ಬಣ್ಣದ ನೊರೆ ನೊರೆ ಜಿಡ್ಡು ಕಂಡರೆ ಅನುಮಾನ ಪಡಬೇಕು. ಇನ್ನೂ ಓಡಿಸಿದರೆ ಪಿಸ್ಟನ್ನೇ ಸೀಜ್ ಆಗಬಹುದು, ಅಂದ್ರೆ ಸಿಲಿಂಡರ್ ಒಳಗೇ ಸಿಕ್ಕಿಕೊಳ್ಳಬಹುದು.

ಕೆಲವು ಕಾರುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದ್ರೆ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸುವ ಬೆಲ್ಟ್. ಪಂಪ್ ಬೇರಿಂಗ್ ಹಿಡಿದುಕೊಂಡರೆ ಬೆಲ್ಟೂ ಕಿತ್ತುಹೋಗಬಹುದು, ಆಗ ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಅದಕ್ಕೇ ಬೆಲ್ಟ್ ಬದಲಾಯಿಸುವಾಗ ಮೆಕ್ಯಾನಿಕ್ ಪಂಪೂ ಹಾಕಿಸಿ ಅಂದರೆ ಸುಮ್ನೆ ದುಡ್ಡು ಕೀಳೋಕೆ ಅಲ್ಲ.

ಇಂಜಿನ್ ಬಿಸಿ ತೋರಿಸುವ ಗೇಜ್ ಒಂದನ್ನೇ ನಂಬಬೇಡಿ. ಕೂಲಂಟ್ ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್‌ಗೆ ತಾಗುವುದು ಬರೀ ಗಾಳಿ ಮತ್ತು ಆವಿ, ಮುಳ್ಳು ಕಡಿಮೆ ತೋರಿಸಬಹುದು. ಇಂಜಿನ್ ಬಿಸಿ ಇಳಿಸೋಕೆ ಹೀಟರ್ ಫುಲ್ ಇಟ್ಟು ಓಡಿಸುವ ಉಪಾಯ ಇದೆಯಲ್ವಾ, ಪಂಪೇ ನಿಂತಿದ್ದರೆ ಅದೂ ನಡೆಯಲ್ಲ. ಇಂಜಿನ್ ಆಫ್ ಮಾಡಿ, ಪೂರ್ತಿ ಆರುವವರೆಗೆ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡಿ.