ಓಡುವಾಗಲೇ ಬಿಚ್ಚಿಕೊಳ್ಳುವ ಕಾರು

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಅವನ ಹತ್ತಿರ 1:10 ಅಳತೆಯ ರಿಮೋಟ್ ಕಾರಿದೆ. ಮೈದಾನದಲ್ಲಿ ಸ್ವಲ್ಪ ಹೊತ್ತು ಓಡಿದ ಮೇಲೆ ಮೋಟರ್ ಸುಮ್ನೆ ಕಿರ್ರೆನ್ನುತ್ತೆ, ಕಾರು ಮಾತ್ರ ಮುಂದೆ ಹೋಗಲ್ಲ. ಮೊನ್ನೆ ಹಿಂದಿನ ಚಕ್ರವೇ ಕಳಚಿ ಬಿತ್ತು. ಎಲ್ಲಾ ಸ್ಕ್ರೂಗೂ ಫೆವಿಕ್ವಿಕ್ ಹಾಕಿಬಿಡಲಾ?
– ಓದುಗರು, ದಾವಣಗೆರೆ

ಉತ್ತರ: ಬೇಡಿ ಸ್ವಾಮಿ. ಫೆವಿಕ್ವಿಕ್ ಒಣಗಿದ ಮೇಲೆ ಪೆಡಸಾಗುತ್ತೆ, ಕಾರು ಅದುರಿದಾಗ ಬಿರುಕು ಬಿಡುತ್ತೆ. ಹರಿದು ಬೇರಿಂಗಿಗೆ ಇಳಿದರೆ ಬೇರಿಂಗೂ ಹೋಯ್ತು.

ಮೊದಲು ಪಿನಿಯನ್ ನೋಡಿ. ಮೋಟರ್ ಶಾಫ್ಟಿನ ತುದಿಯಲ್ಲಿರುವ ಪುಟ್ಟ ಗೇರ್ ಅದು. ಅದನ್ನು ಹಿಡಿದಿರೋದು ತಲೆಯಿಲ್ಲದ ಒಂದು ಗ್ರಬ್ ಸ್ಕ್ರೂ ಅಷ್ಟೇ. ಸಾಮಾನ್ಯವಾಗಿ 3 ಮಿ.ಮೀ. ದಪ್ಪ, 1.5 ಮಿ.ಮೀ. ಅಲೆನ್ ಕೀ (ಆರು ಮೂಲೆಯ ಕಡ್ಡಿಯಂಥ ಕೀ) ಬೇಕು. ಶಾಫ್ಟಿನ ಒಂದು ಪಕ್ಕವನ್ನು ಚಪ್ಪಟೆಯಾಗಿ ಕಡೆದಿರುತ್ತಾರೆ. ಸ್ಕ್ರೂ ಸರಿಯಾಗಿ ಅಲ್ಲೇ ಕೂರಬೇಕು. ದುಂಡು ಕಡೆ ಕೂತರೆ ಕೈ ನೋಯುವಷ್ಟು ಬಿಗಿದರೂ ಜಾರುತ್ತೆ. ಪಿನಿಯನ್ ಗಟ್ಟಿಯಾಗಿದ್ದೂ ಕಾರು ಹೋಗದಿದ್ದರೆ ಪಕ್ಕದ ದೊಡ್ಡ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆ ಅಂತ ಲೆಕ್ಕ. ಅದನ್ನು ಬದಲಾಯಿಸಲೇಬೇಕು.

ಈ ಗ್ರಬ್ ಸ್ಕ್ರೂಗೆ ಥ್ರೆಡ್ ಲಾಕರ್ ಬೇಕು, ಅಂದರೆ ಸ್ಕ್ರೂವಿನ ಸುರುಳಿ ಗೆರೆಗೆ (ಥ್ರೆಡ್) ಸವರಿ ಅದು ಸಡಿಲಾಗದಂತೆ ಹಿಡಿಯುವ ಅಂಟು ದ್ರವ. ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಲಾಕ್‌ಟೈಟ್ ಅಂದರೆ ಕೊಡುತ್ತಾರೆ. ನೀಲಿದು ಕೇಳಿ, 242 ಅಥವಾ 243. ಸೀಸೆ ಕೆಂಪಗಿರುತ್ತೆ, ಗಾಬರಿ ಬೇಡ, ಒಳಗಿನ ದ್ರವದ ಬಣ್ಣ ಮುಖ್ಯ. ಸೀಸೆ ತುಂಬಿಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೂ ನಿಲ್ಲಬೇಡಿ. ಈ ದ್ರವ ಗಟ್ಟಿಯಾಗೋದು ಗಾಳಿ ತಪ್ಪಿ ಲೋಹ ಸೋಕಿದಾಗ. ಅದಕ್ಕೇ ಸೀಸೆಯೊಳಗೆ ಗಾಳಿಗೆ ಜಾಗ ಬಿಟ್ಟಿರುತ್ತಾರೆ. ಕೆಂಪು ದ್ರವದ 271 ಮಾತ್ರ ಬೇಡ. ಅದನ್ನು ಬಿಚ್ಚಲು 250 ಡಿಗ್ರಿ ಆಸುಪಾಸು ಕಾಯಿಸಬೇಕು, ಅಷ್ಟರಲ್ಲಿ ಪಕ್ಕದ ಪ್ಲಾಸ್ಟಿಕ್ ಕರಗಿರುತ್ತೆ.

ಹೊಸ ಸ್ಕ್ರೂಗೆ ಎಣ್ಣೆ ಪಸೆ ಇರುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಸ್ಕ್ರೂ, ತೂತು ಎರಡನ್ನೂ ಒರೆಸಿ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ದ್ರವ ತಗೊಂಡು ಥ್ರೆಡ್ಡಿಗೆ ಸವರಿ ಬಿಗಿಯಿರಿ. ಪೂರ್ತಿ ಹಿಡಿಯಲು 24 ಗಂಟೆ ಬೇಕು. ಮಗನಿಗೆ ಅಷ್ಟು ತಾಳ್ಮೆ ಇರಲ್ಲ, ರಿಮೋಟಿನ ಸೆಲ್ ತೆಗೆದಿಟ್ಟುಕೊಳ್ಳಿ.

ಲೋಹದೊಳಗೆ ಹೋಗುವ ಸ್ಕ್ರೂಗೆ ಮಾತ್ರ ಈ ಉಪಚಾರ. ಪ್ಲಾಸ್ಟಿಕ್ಕಿಗೆ ಹೋಗುವುದಕ್ಕೆ ಹಾಕಿದರೆ ಕೆಲವು ಪ್ಲಾಸ್ಟಿಕ್ ಸೀಳಿಹೋಗುತ್ತೆ. ಅಲ್ಲಿ ಸ್ಕ್ರೂ ಇಟ್ಟು ಮೊದಲು ಹಿಂದಕ್ಕೆ ತಿರುಗಿಸಿ. ಟಕ್ ಅಂತ ಹಳೇ ದಾರಿಗೆ ಇಳಿದದ್ದು ಬೆರಳಿಗೇ ಗೊತ್ತಾಗುತ್ತೆ. ಆಮೇಲೆ ಮುಂದಕ್ಕೆ ಬಿಗಿಯಿರಿ. ನೇರ ಒತ್ತಿ ತಿರುಗಿಸಿದರೆ ಪ್ರತಿ ಸಲವೂ ಹೊಸ ದಾರಿ ಕೊರೆದು ತೂತು ಸಡಿಲ ಆಗುತ್ತೆ.

ಚಕ್ರಕ್ಕೆ ಇರೋದು ಬಹುಶಃ 4 ಮಿ.ಮೀ. ನೈಲಾಕ್ ನಟ್ಟು. ಒಳಗಿನ ನೈಲಾನ್ ಬಳೆಯೇ ಅದರ ಬೀಗ. ಬೆರಳಲ್ಲೇ ಕೊನೆತನಕ ತಿರುಗಿದರೆ ಬಳೆ ಸವೆದಿದೆ, ಎಸೆದು ಹೊಸದು ಹಾಕಿ.

ಮೋಟರನ್ನು ಕಾರಿಗೆ ಹಿಡಿದಿಡುವ ಲೋಹದ ಮೌಂಟಿನ ಸ್ಕ್ರೂಗಳಿಗೆ ನೀಲಿ ದ್ರವದ ಜೊತೆ ಇನ್ನೊಂದು ಉಪಾಯ ಮಾಡುತ್ತೇನೆ. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಮೌಂಟಿನ ತನಕ ನೇಲ್ ಪಾಲಿಶ್‌ನಲ್ಲಿ ಒಂದು ಗೆರೆ. ಗೆರೆ ಮುರಿದಿದ್ದರೆ ಸ್ಕ್ರೂ ತಿರುಗಿದೆ ಅಂತ. ನನ್ನ ಮೇಜಿನ ಮೇಲೆ ಸ್ಪ್ಯಾನರ್ ಪಕ್ಕ ಕೆಂಪು ನೇಲ್ ಪಾಲಿಶ್ ನೋಡಿ ನಗದವರಿಲ್ಲ!

ಪ್ರಶ್ನೆ: ಅಲೆನ್ ಸ್ಕ್ರೂವಿನ ತಲೆ ಒಳಗೆ ಸವೆದು ದುಂಡಗಾಗಿದೆ. ಬಿಚ್ಚೋದು ಹೇಗೆ?
– ಓದುಗರು, ಹಾಸನ

ಉತ್ತರ: ಸಾಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ನೀಲಿ ಲಾಕರ್ ಮೆತ್ತಗಾಗುತ್ತೆ. ಆಮೇಲೆ ಕೊಂಚ ದೊಡ್ಡ ಟಾರ್ಕ್ಸ್ ಬಿಟ್ಟನ್ನು (ನಕ್ಷತ್ರದಾಕಾರದ ತುದಿಯದ್ದು) ತಲೆಯೊಳಗೆ ಮೆಲ್ಲಗೆ ಬಡಿದು ಕೂರಿಸಿ ತಿರುಗಿಸಿ. ನಿಮ್ಮ ಕೀ ಸೆಟ್ ಇಂಚಿನದ್ದಾ ಅಂತಲೂ ನೋಡಿ. 2 ಮಿ.ಮೀ. ತೂತಿಗೆ 5/64 ಇಂಚಿನ ಕೀ ಕೂರುತ್ತೆ, ಆದರೆ ಕೂದಲೆಳೆಯಷ್ಟು ಸಡಿಲ. ಸ್ಕ್ರೂ ತಲೆ ಹಾಳಾಗೋದು ಎಷ್ಟೋ ಸಲ ಅದರಿಂದಲೇ.