ಐಸಿಯುನಲ್ಲಿ ಗುಣಾತ್ಮಕ ಸಂಶೋಧನೆ: ಓದುಗರು ಕೇಳಿದ್ದು

ಪ್ರಶ್ನೆ: ವೆಂಟಿಲೇಟರ್‌ನಲ್ಲಿರುವವರಿಗೆ ದಿನಕ್ಕೊಮ್ಮೆ ಮಂಪರಿನ ಔಷಧ ನಿಲ್ಲಿಸಿ ನೋಡಬೇಕೆಂಬ ನಿಯಮ ನಮ್ಮ ಘಟಕದಲ್ಲಿದೆ. ಅದು ಎಷ್ಟೋ ದಿನ ತಪ್ಪುತ್ತದೆ. ಪ್ರಶ್ನಾವಳಿ ಹಂಚಿದರೆ ಎಲ್ಲರೂ ‘ಕೆಲಸದ ಒತ್ತಡ’ಕ್ಕೇ ಗುರುತು ಹಾಕಿದ್ದಾರೆ. ನಿಜವಾದ ಕಾರಣ ತಿಳಿಯುವುದು ಹೇಗೆ?

ಉತ್ತರ: ಪ್ರಶ್ನಾವಳಿಯಲ್ಲಿ ನಿಮಗೆ ಹೊಳೆದ ಕಾರಣಗಳಷ್ಟೇ ಇರುತ್ತವೆ. ಹೊಳೆಯದೇ ಇದ್ದದ್ದು ಬೇಕಾದರೆ ಗುಣಾತ್ಮಕ ಸಂಶೋಧನೆ, ಅಂದರೆ ಅಂಕಿಗಳ ಬದಲು ನೋಡಿ, ಮಾತಾಡಿಸಿ ಅರಿಯುವ ದಾರಿ ಬೇಕು. ಮೊದಲು ಹೋಗಿ ನೋಡಬೇಕು. ಒಂದು ಸಲಕ್ಕೆ 2 ಗಂಟೆ ಸಾಕು, ಆದರೆ ಬೆಳಗಿನ ರೌಂಡ್ಸ್, ಪಾಳಿ ಬದಲಾಗುವ ಹೊತ್ತು, ರಾತ್ರಿ, ರಜಾದಿನ ಎಲ್ಲವೂ ಸೇರಲಿ. ಕಂಡದ್ದನ್ನೂ ಅನಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ‘ನರ್ಸ್ ಹಿಂಜರಿದರು’ ಎಂಬುದು ಅನಿಸಿಕೆ. ‘ಪಂಪ್‌ನ ಗುಂಡಿಯ ಮೇಲೆ ಕೈಯಿಟ್ಟು, ಪಕ್ಕದ ಹಾಸಿಗೆಯತ್ತ ನೋಡಿ, ಕೈ ತೆಗೆದರು’ ಎಂಬುದು ಕಂಡದ್ದು. ಗೀಚಿಕೊಂಡ ಟಿಪ್ಪಣಿಯನ್ನು ಅದೇ ದಿನ ಬಿಡಿಸಿ ಬರೆಯದಿದ್ದರೆ ಇಂಥ ವಿವರಗಳೇ ಮೊದಲು ಮರೆತುಹೋಗುತ್ತವೆ. ಆರಂಭದ ದಿನಗಳಲ್ಲಿ ನಿಮ್ಮನ್ನು ಕಂಡಾಗ ನಿಯಮ ಪಾಲನೆ ಹೆಚ್ಚಬಹುದು, ಅದನ್ನೂ ದಾಖಲಿಸಿ.

ಆಮೇಲೆ ಸಂದರ್ಶನ. ‘ಏಕೆ ನಿಲ್ಲಿಸಲಿಲ್ಲ?’ ಎಂದು ಕೇಳಿದರೆ ತಪ್ಪು ಹುಡುಕಲು ಬಂದಂತಾಗಿ ಸಮರ್ಥನೆಯೇ ಸಿಗುತ್ತದೆ. ‘ಕಳೆದ ಪಾಳಿಯಲ್ಲಿ ಔಷಧ ನಿಲ್ಲಿಸುವ ಹೊತ್ತಿಗೆ ಏನೇನಾಯಿತು, ಮೊದಲಿನಿಂದ ಹೇಳಿ’ ಎನ್ನಿ. ರೋಗಿ ಟ್ಯೂಬ್ ಕಿತ್ತುಕೊಂಡರೆ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬಂಥ ಅಂಜಿಕೆ ಹೊರಬರುವುದು ಹೀಗೆ. ಘಟಕದ ಮುಖ್ಯಸ್ಥರು ಸಂದರ್ಶನ ಮಾಡಲೇಬಾರದು. ರಜೆ ಮಂಜೂರು ಮಾಡುವವರ ಮುಂದೆ ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ಅಲಾರಂ ಕೇಳಿಸದ ಕೋಣೆಯಲ್ಲಿ ಕೂರಿ. 1 ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ಹೇಗೂ 4ರಿಂದ 6 ಗಂಟೆ ಬೇಕು.

ಪ್ರಶ್ನೆ: 12 ಸಂದರ್ಶನ ಸಾಕೆಂದು ಓದಿದ್ದೇನೆ, ಸರಿಯೇ?

ಉತ್ತರ: ಅದರ ಮೂಲ 2006ರ ಒಂದು ಅಧ್ಯಯನ. ಅದರಲ್ಲಿ 60 ಸಂದರ್ಶನಗಳಿದ್ದವು. ಹೊಸ ಅಂಶಗಳಲ್ಲಿ ಹೆಚ್ಚಿನವು ಮೊದಲ 12ರಲ್ಲೇ ಸಿಕ್ಕವು. ಆದರೆ ಅಲ್ಲಿದ್ದವರು ಬಹುಮಟ್ಟಿಗೆ ಒಂದೇ ಬಗೆಯ ಜನ, ಕೇಳಿದ ಪ್ರಶ್ನೆಗಳೂ ಒಂದೇ. ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳನ್ನು ಬೆರೆಸಿ 12 ಮಾಡಿದರೆ ಪ್ರತಿ ಗುಂಪಿಗೂ ನಾಲ್ಕೇ ಮಂದಿ. ಪ್ರತಿ ಎರಡು ಮೂರು ಸಂದರ್ಶನಕ್ಕೊಮ್ಮೆ ಕೋಡಿಂಗ್ (ಮಾತಿನ ತುಣುಕುಗಳಿಗೆ ವಿಷಯದ ಹೆಸರು ಕೊಟ್ಟು ವಿಂಗಡಿಸುವುದು) ಮಾಡುತ್ತ ಹೋಗಿ. ಎಲ್ಲ ಮುಗಿಸಿಕೊಂಡು ಒಟ್ಟಿಗೆ ಕೂತರೆ, ಇನ್ನೊಂದು ಪ್ರಶ್ನೆ ಕೇಳಬೇಕಿತ್ತು ಎಂಬುದು ತಡವಾಗಿ ಗೊತ್ತಾಗುತ್ತದೆ.

ಪ್ರಶ್ನೆ: ರೋಗಿಗಳನ್ನು ಯಾವಾಗ ಮಾತಾಡಿಸಬೇಕು?

ಉತ್ತರ: ಸನ್ನಿ ಇಳಿದಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದ ಮೇಲೆ. ಒಪ್ಪಿಗೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಿ. ಪ್ರಜ್ಞೆಯಿಲ್ಲದಾಗ ಮನೆಯವರು ಹಾಕಿದ ಸಹಿ ಈಗ ಸಾಲದು. ಗಂಟಲಲ್ಲಿ ಟ್ಯೂಬ್ ಇದ್ದರೆ ಅಕ್ಷರದ ಹಲಗೆ ಬಳಸಿ, 10 ನಿಮಿಷಕ್ಕೆ ನಿಲ್ಲಿಸಿ, ತಲೆಯಾಡಿಸಿದ್ದನ್ನು ಆಗಲೇ ಬರೆದುಕೊಳ್ಳಿ, ರೆಕಾರ್ಡರ್‌ಗೆ ಅದು ಕಾಣುವುದಿಲ್ಲ. ‘ನರ್ಸ್ ನನ್ನನ್ನು ಕೊಲ್ಲಲು ಬಂದರು’ ಎಂದು ಯಾರಾದರೂ ನೆನಪಿಸಿಕೊಂಡರೆ ತಿದ್ದಬೇಡಿ. ಅವರು ಅನುಭವಿಸಿದ ಐಸಿಯು ಅದೇ, ನೀವು ಅರಿಯಲು ಹೊರಟದ್ದೂ ಅದನ್ನೇ. ಆದರೆ ಅಳು, ನಡುಕ ಬಂದರೆ ನಿಲ್ಲಿಸಿ. ಯಾವ ಮನಶ್ಶಾಸ್ತ್ರಜ್ಞರ ಬಳಿ ಕಳಿಸಬೇಕೆಂಬುದು ಮೊದಲೇ ನಿಶ್ಚಯವಾಗಿರಲಿ.

ಪ್ರಶ್ನೆ: ವರದಿಯಲ್ಲಿ ಹೆಸರು ತೆಗೆದರೆ ಸಾಕೆ?

ಉತ್ತರ: ಸಾಲದು. ಚಿಕ್ಕ ಘಟಕದಲ್ಲಿ ‘ಪುರುಷ ನರ್ಸ್, 20 ವರ್ಷ ಅನುಭವ’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ‘ನರ್ಸ್ 4’ ಎಂದಷ್ಟೇ ಬರೆಯಿರಿ.