ಮೇಷ್ಟ್ರೇ, ಮೊದಲು ಆ ಪ್ಲಾಸ್ಟಿಕ್ ಸ್ಕೇಲ್ ಪಕ್ಕಕ್ಕಿಡಿ

"ಡ್ರಾಯಿಂಗ್ ಕ್ಲಾಸಿನಲ್ಲಿ ಲೇತ್ ಇಲ್ಲ, ಬೆಂಕಿ ಇಲ್ಲ, ಆಸಿಡ್ ಇಲ್ಲ. ಆದರೂ ಸುರಕ್ಷತೆಯ ನಿಯಮ ಬರೆದು ಗೋಡೆಗೆ ಅಂಟಿಸಿ ಅಂತ ನಮ್ಮ ಹೆಡ್‌ಮಾಸ್ಟರ್ ಹೇಳಿದ್ದಾರೆ. ಏನಂತ ಬರೆಯಲಿ?" ಅಂತ ಕೇಳಿದ್ದೀರಿ.

ನಿಮ್ಮ ಪತ್ರ ಓದಿ ನನ್ನ ಎಡಗೈ ಹೆಬ್ಬೆರಳು ನೋಡಿಕೊಂಡೆ. ತುದಿ ಇವತ್ತಿಗೂ ಒಂದು ಕಡೆ ಚಪ್ಪಟೆ. ಓದುವ ದಿನಗಳಲ್ಲಿ ಪ್ಲಾಸ್ಟಿಕ್ ಸ್ಕೇಲ್ ಒತ್ತಿ ಹಿಡಿದು ಕಟರ್‌ನಿಂದ ಶೀಟ್ ಕತ್ತರಿಸುತ್ತಿದ್ದೆ. ಪ್ಲಾಸ್ಟಿಕ್ ಮೆತ್ತಗಲ್ವಾ, ಬ್ಲೇಡು ಅದರ ಅಂಚನ್ನೇ ಕೊರೆದು ಮೇಲೆ ಹತ್ತಿತು, ಹತ್ತಿದ ಕಡೆ ನನ್ನ ಬೆರಳಿತ್ತು. ನೋವು ಆಮೇಲೆ ಗೊತ್ತಾಯಿತು, ಮೊದಲು ಕಂಡಿದ್ದು ಮೂರು ದಿನ ಕೂತು ಬರೆದ ಶೀಟಿನ ಮೇಲೆ ರಕ್ತ.

ಹಾಗಾಗಿ ಕತ್ತರಿಸಲು ಸ್ಟೀಲ್ ಸ್ಕೇಲೇ ಆಗಬೇಕು. ಬೆರಳು ಅಂಚಿನಿಂದ ಹಿಂದಕ್ಕಿರಲಿ. ಒಂದೇ ಎಳೆತಕ್ಕೆ ಕತ್ತರಿಸುವ ಹಟ ಬೇಡ, ಹಗುರವಾಗಿ ಎರಡು ಮೂರು ಸಲ ಎಳೆದರೆ ಸಾಕು. ಮೊಂಡಾದ ಬ್ಲೇಡ್ ಇನ್ನೂ ಅಪಾಯ, ಯಾಕೆಂದರೆ ಆಗ ಕೈ ಜಾಸ್ತಿ ಒತ್ತುತ್ತದೆ, ಜಾಸ್ತಿ ಒತ್ತಿದ ಕೈಯೇ ಜಾರೋದು. ಕಟರ್ ಮೇಜಿನಿಂದ ಬಿದ್ದರೆ ಬೀಳಲಿ ಬಿಡಿ, ಹಿಡಿಯಲು ಹೋಗಬಾರದು. ಇದನ್ನು ಮಕ್ಕಳಿಗೆ ಬಾಯಲ್ಲೇ ಹೇಳಿ, ಸುಮ್ನೆ ಗೋಡೆ ಮೇಲಿದ್ದರೆ ಯಾರೂ ಓದಲ್ಲ.

ಇನ್ನು ಕೈವಾರ. ವೃತ್ತ ಎಳೆಯುವಾಗ ಅದು ಯಾರನ್ನೂ ಚುಚ್ಚೋದಿಲ್ಲ. "ಲೋ, ಒಂದ್ನಿಮಿಷ ಕೊಡೋ" ಅಂದಾಗ ಹಿಂದಿನ ಬೆಂಚಿಗೆ ಎಸೆಯುತ್ತಾರಲ್ಲ, ಜೇಬಿಗೆ ಹಾಕಿಕೊಂಡು ಕೂರುತ್ತಾರಲ್ಲ, ಆಗ. ಕಾಲು ಮಡಚಿ, ಮೊನೆ ತನ್ನ ಕಡೆ ಇಟ್ಟುಕೊಂಡು ಕೊಡುವುದನ್ನು ರೂಢಿ ಮಾಡಿಸಿ. ಡಿವೈಡರ್‌ಗೆ ಎರಡೂ ಕಡೆ ಮೊನೆ, ಅದನ್ನು ಡಬ್ಬದಲ್ಲೇ ಹಾಕಿ ಕೊಡಲಿ. ಚುಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಬೇಕು. ಗಾಯ ಆಳವಾಗಿದ್ದರೆ ಡಾಕ್ಟರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಪೆನ್ಸಿಲ್ ಚುಚ್ಚಿದರೆ ಸೀಸದ ವಿಷ ಏರುತ್ತೆ ಅನ್ನೋ ಗಾಬರಿ ಮಾತ್ರ ಬೇಡ. ಅದರೊಳಗಿರೋದು ಗ್ರಾಫೈಟ್ ಮತ್ತು ಜೇಡಿಮಣ್ಣು.

ಶೀಟ್ ಹಾಸಿ ಬರೆಯುವ ಡ್ರಾಯಿಂಗ್ ಬೋರ್ಡ್ ಮರೆಯಬೇಡಿ. ಎ1 ಅಳತೆಯ ಶೀಟೇ 594 ಗುಣಿಸು 841 ಮಿಲಿಮೀಟರ್, ಬೋರ್ಡ್ ಅದಕ್ಕಿಂತ ದೊಡ್ಡದು. ಗೋಡೆಗೆ ಒರಗಿಸಿಟ್ಟ ಬೋರ್ಡ್ ಒಂದಲ್ಲ ಒಂದು ದಿನ ಯಾರದೋ ಕಾಲ ಮೇಲೆ ಬೀಳುತ್ತೆ. ಮಲಗಿಸಿಡಿ, ಇಲ್ಲವೇ ರ‍್ಯಾಕಿಗೆ ಹಾಕಿ. ಮೇಜಿನಿಂದ ಹೊರಚಾಚಿದ ಟಿ-ಸ್ಕ್ವೇರ್ (ಟಿ ಆಕಾರದ ಉದ್ದ ಸ್ಕೇಲ್), ನಡೆಯುವ ದಾರಿಯ ಬ್ಯಾಗುಗಳು, ಇವನ್ನು ನೀವೇ ನೋಡಿಕೊಳ್ಳುತ್ತೀರಿ ಬಿಡಿ.

ಬೆಳಕಿನ ಬಗ್ಗೆ ನೀವು ಬರೆದೇ ಇಲ್ಲ. ಓದು-ಬರಹಕ್ಕೆ 500 ಲಕ್ಸ್ (ಬೆಳಕು ಅಳೆಯುವ ಮಾನ) ಅನ್ನುವ ಯುರೋಪಿನ ಮಾನದಂಡ ತಾಂತ್ರಿಕ ಡ್ರಾಯಿಂಗಿಗೆ 750 ಕೇಳುತ್ತೆ. ಬೆಳಕು ಸಾಲದಿದ್ದರೆ ಮಕ್ಕಳು ಬೋರ್ಡಿಗೆ ಮೂಗು ತಾಗಿಸಿ ಬರೆಯುತ್ತಾರೆ, ಆಮೇಲೆ ಕುತ್ತಿಗೆ ನೋವು. ಬಲಗೈಯವರಿಗೆ ಬೆಳಕು ಎಡದಿಂದ ಬರಲಿ, ಎಡಗೈಯವರನ್ನು ಬೆಳಕು ಬಲದಿಂದ ಬರುವಂತೆ ತಿರುಗಿಸಿ ಕೂರಿಸಿ.

ಅಂದಹಾಗೆ ಆ ಪಟ್ಟಿಯನ್ನು ನೀವು ಬರೆಯಬೇಡಿ. ಮಕ್ಕಳಿಂದಲೇ ಬರೆಸಿ, ಲೆಟರಿಂಗ್, ಅಂದರೆ ಅಳತೆಗೆ ಸರಿಯಾಗಿ ಅಕ್ಷರ ಬರೆಯುವ ಅಭ್ಯಾಸವೂ ಆಗುತ್ತೆ.

-ಸಂ.